ಅಪ್ರಾಪ್ತವ್ಯವಹಾರರ ಧನವೂ ಬ್ಯಾಂಕಿನ ಖಾತೆಯೂ

ವ್ಯವಹಾರವೆಂಬ ಶಬ್ದಕ್ಕೆ ಧರ್ಮಶಾಸ್ತ್ರಗಳಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಕ್ರಯ, ವಿಕ್ರಯ, ಋಣ, ನಿಕ್ಷೇಪ ಮೊದಲಾದ ಲೌಕಿಕವಾದ ಕೊಡುಕೊಳೆಯು ಮೊದಲನೆಯದು. ಆ ಕೊಡುಕೊಳೆಯಲ್ಲಿ ವಿವಾದವು ಹುಟ್ಟಿದಾಗ ಸಭೆಯಲ್ಲಿ ನಡೆಯತಕ್ಕ ನ್ಯಾಯನಿರ್ಣಯವು ಎರಡನೆಯದು. ಈ ಎರಡರಲ್ಲಿಯೂ ಇನ್ನೂ ಅಧಿಕಾರವನ್ನು ಪಡೆಯದಿರುವ ಎಳೆಯರನ್ನು ಶಾಸ್ತ್ರಕಾರರು ಅಪ್ರಾಪ್ತವ್ಯವಹಾರರೆಂದು ಕರೆದರು. ಇಂದಿನ ನ್ಯಾಯಾಲಯಗಳಲ್ಲಿ ಮೈನರ್ ಎಂದೂ ಕನ್ನಡದ ಸರ್ಕಾರಿ ಕಾಗದಗಳಲ್ಲಿ ಅಪ್ರಾಪ್ತವಯಸ್ಕರೆಂದೂ ಬರೆಯುವುದು ಇವರನ್ನೇ. ಆದರೆ ಹೊಸ ಪದವು ವಯಸ್ಸನ್ನು ಮಾತ್ರ ಹೇಳುತ್ತದೆ. ಹಳೆಯ ಪದವು ಕೊಡುಕೊಳೆಯ ಯೋಗ್ಯತೆಯನ್ನು ಹೇಳುತ್ತದೆ. ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬನು ತನಗೆ ಸಲ್ಲಬೇಕಾದ ವಿದ್ಯಾರ್ಥಿವೇತನಕ್ಕಾಗಿ ಖಾತೆಯನ್ನು ತೆರೆಯಲು ಬ್ಯಾಂಕಿಗೆ ಹೋಗಿ, ‘ನಿನ್ನ ತಂದೆಯನ್ನು ಕರೆದುಕೊಂಡು ಬಾ’ ಎನ್ನಿಸಿಕೊಂಡು ಹಿಂದಿರುಗುವಾಗ, ಅವನನ್ನು ತಡೆದದ್ದು ಈ ಎರಡರಲ್ಲಿ ಯಾವುದು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಇದು ಪಂಡಿತಗೋಷ್ಠಿಗೆ ಮಾತ್ರ ಸೇರಿದ ವಿಚಾರವಲ್ಲ. ಹಿಂದೆ ನಗದಾಗಿ ಕೈಗೆ ಸಲ್ಲುತ್ತಿದ್ದ ಸರ್ಕಾರದ ಸಹಾಯಧನಗಳು ಈಗ ಆಧಾರಿನೊಡನೆ ಜೋಡಿಸಲ್ಪಟ್ಟ ಖಾತೆಗೆ ನೇರವಾಗಿ ಜಮೆಯಾಗುತ್ತವೆ. ಕರ್ನಾಟಕದಲ್ಲಿ ೨೦೨೪ನೆಯ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭವಾದ ಯುವನಿಧಿಯ ಹಣವೂ, ಅಂದರೆ ಉದ್ಯೋಗವಿಲ್ಲದ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿ, ಡಿಪ್ಲೊಮಾ ಪಡೆದವರಿಗೆ ೧,೫೦೦ ರೂಪಾಯಿ, ಇದೇ ಮಾರ್ಗದಲ್ಲಿ ಸಲ್ಲತಕ್ಕದ್ದು. ಖಾತೆಯಿಲ್ಲದವನಿಗೆ ಹಣವು ಮಂಜೂರಾದರೂ ಕೈಸೇರದು. ಆದುದರಿಂದ ಖಾತೆಯ ನಿರಾಕರಣೆಯೆಂಬುದು ಈ ಕಾಲದಲ್ಲಿ ಫಲತಃ ಧನದ ನಿರಾಕರಣೆಯೇ ಆಗಿ ಪರಿಣಮಿಸುತ್ತದೆ. ಬಡವರ ಮಕ್ಕಳಿಗೆ ಒಂದು ವರ್ಷದ ಶುಲ್ಕವು ತಪ್ಪಿದರೆ ಓದೇ ತಪ್ಪುವ ಸಂಭವವುಂಟೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಮೊದಲು ಪ್ರಾಚೀನರ ಅಭಿಪ್ರಾಯವನ್ನು ನೋಡಬಹುದು. ಮನುವು ಮತ್ತನ, ಉನ್ಮತ್ತನ, ಆರ್ತನ, ಪರಾಧೀನನ ವ್ಯವಹಾರಗಳೊಡನೆ ಬಾಲನ ವ್ಯವಹಾರವನ್ನೂ ಎಣಿಸಿ, ಇವು ಸಿದ್ಧಿಸುವುದಿಲ್ಲವೆಂದು ಹೇಳಿರುವನು. ಯಾಜ್ಞವಲ್ಕ್ಯನ ಮತವೂ ಹೀಗೆಯೇ ಇದೆ. ಇಷ್ಟನ್ನೇ ಓದಿದವರು ಶಾಸ್ತ್ರವು ಬಾಲಕನನ್ನು ಧನದಿಂದ ದೂರವಿರಿಸಿತೆಂದು ತಿಳಿಯುವರು. ಅದು ಸರಿಯಲ್ಲ. ಅದೇ ಮನುಸ್ಮೃತಿಯ ಅದೇ ಎಂಟನೆಯ ಅಧ್ಯಾಯದ ಆದಿಭಾಗದಲ್ಲಿ, ಬಾಲಕನಿಗೆ ದಾಯವಾಗಿ ಬಂದ ಧನವನ್ನು ಅವನು ಗುರುಕುಲದಿಂದ ಸಮಾವರ್ತನೆ ಹೊಂದಿ ಬರುವವರೆಗೆ, ಅಥವಾ ಶೈಶವವು ಕಳೆಯುವವರೆಗೆ, ರಾಜನು ಕಾಪಾಡಬೇಕೆಂಬ ವಿಧಿಯಿದೆ. ಇಲ್ಲಿ ಎರಡು ಅವಧಿಗಳನ್ನು ಹೇಳಿರುವುದು ಗಮನಾರ್ಹವಾದುದು. ಒಂದು ವಿದ್ಯೆಯ ಮುಕ್ತಾಯ, ಇನ್ನೊಂದು ವಯಸ್ಸು.

ಕೌಟಿಲ್ಯನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿರುವನು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಮುದ್ರಣವನ್ನು ಕಂಡ ಅರ್ಥಶಾಸ್ತ್ರದಲ್ಲಿ, ಜನಪದನಿವೇಶವನ್ನು ಹೇಳುವ ಪ್ರಕರಣದೊಳಗೆ, ಬಾಲಕನ ದ್ರವ್ಯವನ್ನು ಅವನು ವ್ಯವಹಾರವನ್ನು ಪಡೆಯುವವರೆಗೆ ಗ್ರಾಮವೃದ್ಧರು ನೋಡಿಕೊಳ್ಳತಕ್ಕದ್ದೆಂದು ಹೇಳಿದೆ. ಅಲ್ಲಿ ಬಳಸಿರುವ ಕ್ರಿಯಾಪದವು ಕಾಪಾಡಲಿ ಎಂಬ ಅರ್ಥದ್ದಲ್ಲ, ವೃದ್ಧಿಪಡಿಸಲಿ ಎಂಬ ಅರ್ಥದ್ದು. ದೇವರ ದ್ರವ್ಯಕ್ಕೂ ಅದೇ ನಿಯಮವನ್ನು ಒಡನೆಯೇ ಅನ್ವಯಿಸಿದೆ. ಬಾಲಕನ ಧನವು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರಕೂಡದು, ಬೆಳೆಯುತ್ತಿರಬೇಕು, ಅದರ ಹೊಣೆಯು ಊರಿನದು. ಹೆಣ್ಣು ಹನ್ನೆರಡು ವರ್ಷಕ್ಕೂ ಗಂಡು ಹದಿನಾರು ವರ್ಷಕ್ಕೂ ಪ್ರಾಪ್ತವ್ಯವಹಾರರಾಗುವರೆಂಬುದೂ ಆ ಗ್ರಂಥದ ಮತ.

ಹದಿನಾರೆಂಬ ಈ ಸಂಖ್ಯೆಯನ್ನು ನಾರದನೂ ಹೇಳಿರುವನು. ಎಂಟನೆಯ ವರ್ಷದವರೆಗೆ ಶಿಶುವು ಗರ್ಭಸ್ಥನಿಗೆ ಸಮಾನನು. ಹದಿನಾರನೆಯದರವರೆಗೆ ಬಾಲನು, ಅವನಿಗೆ ಪೋಗಂಡನೆಂದೂ ಹೆಸರು. ಅನಂತರ ವ್ಯವಹಾರವನ್ನು ಬಲ್ಲವನು, ತಂದೆತಾಯಿಗಳಿಲ್ಲದಿದ್ದರೆ ಸ್ವತಂತ್ರನು, ಎಂಬುದು ಅವನ ಮಾತಿನ ತಾತ್ಪರ್ಯ. ಇಲ್ಲಿ ‘ವರೆಗೆ’ ಎಂಬ ಅರ್ಥವನ್ನು ಕೊಡುವುದು ಆಙ್ ಎಂಬ ನಿಪಾತ. ಪಾಣಿನಿಯ ಶಾಸ್ತ್ರವನ್ನು ಓದಿದವರಿಗೆ ಅದರ ತೊಡಕು ಗೊತ್ತು: ಅದಕ್ಕೆ ಮರ್ಯಾದೆ ಎಂಬ ಅರ್ಥವೂ ಉಂಟು, ಅಭಿವಿಧಿ ಎಂಬ ಅರ್ಥವೂ ಉಂಟು. ಮರ್ಯಾದೆಯನ್ನು ಹಿಡಿದರೆ ಹದಿನಾರನೆಯ ವರ್ಷವು ಹುಟ್ಟುವಾಗಲೇ ಬಾಲ್ಯವು ಮುಗಿಯಿತು; ಅಭಿವಿಧಿಯನ್ನು ಹಿಡಿದರೆ ಆ ವರ್ಷವೂ ಬಾಲ್ಯದೊಳಗೇ ಸೇರಿತು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಹಿಂದೂ ನ್ಯಾಯವನ್ನು ಅನ್ವಯಿಸುವಾಗ ವಂಗದೇಶದಲ್ಲಿ ಹದಿನೈದು ತುಂಬಿದರೆ ಸಾಕೆಂದೂ ಉಳಿದೆಡೆಗಳಲ್ಲಿ ಹದಿನಾರು ತುಂಬಬೇಕೆಂದೂ ನಡೆಯಿಸಿದವು. ಒಂದು ಸ್ವರದ ಅರ್ಥಭೇದಕ್ಕೆ ಸರಿಹೊಂದುವಂತೆ ಒಂದಿಡೀ ವರ್ಷದ ಸ್ವಾತಂತ್ರ್ಯವು ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗಿದ್ದ ಈ ಸಂಗತಿಯು, ವ್ಯಾಕರಣವನ್ನು ನಿಷ್ಪ್ರಯೋಜಕವೆನ್ನುವವರು ಯೋಚಿಸತಕ್ಕ ಸಂಗತಿ.

ಈ ಗೊಂದಲವನ್ನು ಶಾಸನವು ತೀರಿಸಿತು. ೧೮೭೨ನೆಯ ಕರಾರು ಕಾಯಿದೆಯ ೧೧ನೆಯ ಪ್ರಕರಣವು ಪ್ರಾಪ್ತವಯಸ್ಕನಲ್ಲದವನಿಗೆ ಕರಾರನ್ನು ಮಾಡಿಕೊಳ್ಳುವ ಯೋಗ್ಯತೆಯಿಲ್ಲವೆಂದಿತು; ೧೮೭೫ನೆಯ ಮೆಜಾರಿಟಿ ಕಾಯಿದೆಯು ಹದಿನೆಂಟು ವರ್ಷ ತುಂಬುವುದನ್ನು ಎಲ್ಲೆಯಾಗಿ ಮಾಡಿತು. ನ್ಯಾಯಾಲಯವು ಪೋಷಕನನ್ನು ನೇಮಿಸಿದ್ದ ಪಕ್ಷದಲ್ಲಿ ಮಾತ್ರ ಇಪ್ಪತ್ತೊಂದು ವರ್ಷವೆಂಬ ವಿಶೇಷನಿಯಮವಿದ್ದಿತು. ಅದು ೧೯೯೯ರ ತಿದ್ದುಪಡಿಯಿಂದ ರದ್ದಾಗಿ ಈಗ ಎಲ್ಲರಿಗೂ ಹದಿನೆಂಟೇ ಆಗಿದೆ.

ಬ್ಯಾಂಕಿನವರ ಸಂಕೋಚಕ್ಕೆಲ್ಲ ಮೂಲವೆನ್ನಬಹುದಾದ ತೀರ್ಪು ೧೯೦೩ರದು. ಕಲ್ಕತ್ತೆಯ ಧರ್ಮದಾಸ ಘೋಷನೆಂಬ ತರುಣನು ೧೮೯೫ರಲ್ಲಿ ತನ್ನ ಸ್ವತ್ತನ್ನು ಆಧಾರವಾಗಿಟ್ಟು ಲೇವಾದೇವಿಗಾರನೊಬ್ಬನಿಗೆ ೨೦,೦೦೦ ರೂಪಾಯಿಗಳ ಅಡಮಾನಪತ್ರವನ್ನು ಬರೆದುಕೊಟ್ಟನು. ಆಗ ಅವನಿಗೆ ವಯಸ್ಸು ತುಂಬಿರಲಿಲ್ಲ. ಸಾಲ ಕೊಡುವವನ ಪರವಾಗಿ ವ್ಯವಹರಿಸುತ್ತಿದ್ದವನಿಗೆ ಆ ಸಂಗತಿಯು ತಿಳಿದೂ ಇದ್ದಿತು. ಬಳಿಕ ತರುಣನ ಕಡೆಯವರು ಆ ಪತ್ರವನ್ನು ರದ್ದುಗೊಳಿಸಬೇಕೆಂದು ದಾವೆ ಹೂಡಿದರು. ಮೋಹರೀಬೀಬಿಯ ಮೊಕದ್ದಮೆಯೆಂದು ಪ್ರಸಿದ್ಧವಾದ ಇದು ಪ್ರೀವಿ ಕೌನ್ಸಿಲಿನವರೆಗೆ ಹೋಯಿತು. ಅಪ್ರಾಪ್ತವಯಸ್ಕನ ಕರಾರು ಅವನ ಇಷ್ಟದ ಮೇರೆಗೆ ತಳ್ಳಿಬಿಡಬಹುದಾದದ್ದಲ್ಲ, ಹುಟ್ಟಿನಿಂದಲೇ ಇಲ್ಲದ್ದು, ಎಂದು ಅಲ್ಲಿ ನಿರ್ಣಯವಾಯಿತು. ಕೊಟ್ಟ ಹಣವನ್ನು ಹಿಂದಿರುಗಿಸಬೇಕೆಂಬ ಪ್ರಾರ್ಥನೆಯೂ ಫಲಿಸಲಿಲ್ಲ. ಮನುವು ‘ಸಿದ್ಧಿಸದು’ ಎಂದದ್ದಕ್ಕೂ ಪ್ರೀವಿ ಕೌನ್ಸಿಲು ‘ಶೂನ್ಯ’ ಎಂದದ್ದಕ್ಕೂ ಹೆಚ್ಚಿನ ಅಂತರವಿಲ್ಲ.

ಇಲ್ಲಿ ಬ್ಯಾಂಕಿನವರ ಪೂರ್ವಪಕ್ಷವು ಹೀಗೆ ನಿಲ್ಲುತ್ತದೆ: ಖಾತೆಯೆಂಬುದು ಕರಾರು, ಎಳೆಯನ ಕರಾರು ಶೂನ್ಯ, ಆದುದರಿಂದ ಎಳೆಯನಿಗೆ ಖಾತೆಯು ಸಲ್ಲದು. ಮೇಲುನೋಟಕ್ಕೆ ಈ ಅನುಮಾನವು ನಿರ್ದುಷ್ಟವೆಂಬಂತೆ ತೋರುತ್ತದೆ. ಅನೇಕ ಶಾಖೆಗಳಲ್ಲಿ ಗುಮಾಸ್ತನು ಹೇಳುವ ‘ಆಗುವುದಿಲ್ಲ’ ಎಂಬ ಒಂದು ಮಾತಿನ ಹಿಂದೆ, ಅವನಿಗೇ ತಿಳಿಯದಂತೆ, ಈ ಅನುಮಾನವು ಅಡಗಿರುತ್ತದೆ.

ಆದರೆ ಇದರಲ್ಲಿ ಹೇತುವು ದುಷ್ಟವಾದುದು. ಧರ್ಮದಾಸನ ಪ್ರಸಂಗದಲ್ಲಿ ಎಳೆಯನು ಸಾಲಗಾರ, ಮತ್ತೊಬ್ಬನು ಧನಿಕ. ಬ್ಯಾಂಕಿನ ಉಳಿತಾಯದ ಖಾತೆಯಲ್ಲಾದರೋ ಇದು ತಲೆಕೆಳಗಾಗಿದೆ. ಖಾತೆಗೆ ಕಟ್ಟಿದ ಹಣವು ಬ್ಯಾಂಕಿನದಾಗುತ್ತದೆ, ಬ್ಯಾಂಕು ಅಷ್ಟಕ್ಕೆ ಖಾತೆದಾರನ ಸಾಲಗಾರನಾಗುತ್ತದೆ ಎಂಬುದು ೧೮೪೮ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಸಭೆಯು ಫೋಲಿ ಎಂಬಾತನ ಮೊಕದ್ದಮೆಯಲ್ಲಿ ಸ್ಥಾಪಿಸಿದ ಸಿದ್ಧಾಂತ. ಇಲ್ಲಿಯೂ ಅದೇ ಅಂಗೀಕೃತವಾಗಿದೆ. ಎಳೆಯನಿಂದ ಬ್ಯಾಂಕಿಗೆ ಬರಬೇಕಾದುದು ಏನೂ ಇಲ್ಲ. ಬ್ಯಾಂಕಿನಿಂದ ಅವನಿಗೆ ಬರಬೇಕಾದುದುಂಟು. ಕರಾರಿನ ನಿಯಮವು ಎಳೆಯನ ಮೇಲೆ ಹೊರೆ ಬೀಳದಂತೆ ತಡೆಯುವುದಕ್ಕಾಗಿ ಹುಟ್ಟಿತೇ ಹೊರತು ಅವನಿಗೆ ಲಾಭವಾಗದಂತೆ ತಡೆಯುವುದಕ್ಕಲ್ಲ. ಸಂದೇಹಪಡುವವರು ೧೮೮೧ನೆಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ೨೬ನೆಯ ಪ್ರಕರಣವನ್ನು ನೋಡಬಹುದು. ಅಪ್ರಾಪ್ತವಯಸ್ಕನು ಚೆಕ್ಕು ಮೊದಲಾದ ಪತ್ರಗಳನ್ನು ಬರೆಯಬಹುದು, ಹಿಂಬರಹವನ್ನು ಮಾಡಿ ದಾಟಿಸಬಹುದು; ಅವು ತನ್ನನ್ನು ಬಿಟ್ಟು ಉಳಿದೆಲ್ಲರನ್ನೂ ಬಂಧಿಸುತ್ತವೆ, ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಬ್ಯಾಂಕಿಗೆ ಭಯವೇ ಇಲ್ಲವೇ ಎಂದರೆ, ಒಂದುಂಟು. ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣವನ್ನು ಕೊಟ್ಟರೆ ಆ ಹೆಚ್ಚಳವು ಸಾಲವಾಗಿ, ಧರ್ಮದಾಸನ ಗತಿಯೇ ಬಂದು, ವಸೂಲಾಗದೆ ಹೋಗುವುದು. ಇದಕ್ಕೆ ಪರಿಹಾರವು ಖಾತೆಯನ್ನು ನಿರಾಕರಿಸುವುದಲ್ಲ, ಓವರ್‌ಡ್ರಾಫ್ಟನ್ನು ನಿರಾಕರಿಸುವುದು. ರಿಸರ್ವ್ ಬ್ಯಾಂಕಿನ ನಿಯಮವೂ ಹೀಗೆಯೇ ಇದೆ: ಎಳೆಯರ ಖಾತೆಯಲ್ಲಿ, ಅದನ್ನು ಅವರೇ ನಡೆಯಿಸಲಿ ಪೋಷಕರು ನಡೆಯಿಸಲಿ, ಸದಾ ಜಮೆಯೇ ಉಳಿದಿರಬೇಕು.

ಈ ತತ್ತ್ವವು ಸರ್ಕಾರಕ್ಕೆ ಬಹುಕಾಲದಿಂದ ತಿಳಿದಿದ್ದಿತು. ೧೮೭೩ನೆಯ ಸರ್ಕಾರಿ ಸೇವಿಂಗ್ಸ್ ಬ್ಯಾಂಕುಗಳ ಕಾಯಿದೆಯು, ಎಳೆಯನು ತಾನೇ ಇಟ್ಟ ಠೇವಣಿಯನ್ನು ಅವನ ಕೈಗೇ ಕೊಡಬಹುದೆಂದು ಆಗಲೇ ಹೇಳಿದ್ದಿತು. ಪೋಸ್ಟಾಫೀಸಿನ ಸೇವಿಂಗ್ಸ್ ಬ್ಯಾಂಕು ೧೮೮೨ರಲ್ಲಿ ಆರಂಭವಾಯಿತು. ಇಂದಿಗೂ ಹತ್ತು ವರ್ಷ ತುಂಬಿದ ಬಾಲಕ ಬಾಲಕಿಯರು ಅಲ್ಲಿ ತಮ್ಮ ಹೆಸರಿನಲ್ಲಿಯೇ ಉಳಿತಾಯದ ಖಾತೆಯನ್ನು ತೆರೆದು ತಾವೇ ನಡೆಯಿಸಬಹುದು. ಬ್ಯಾಂಕಿನ ಬಾಗಿಲು ಮುಚ್ಚಿದವರಿಗೆ ಊರಿನ ಅಂಚೆಯ ಕಚೇರಿಯೇ ಹತ್ತಿರದ ಮಾರ್ಗವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ಬ್ಯಾಂಕುಗಳ ವಿಷಯದಲ್ಲಿ ನಿಯಮವು ನಿಧಾನವಾಗಿ ಬೆಳೆಯಿತು. ತಾಯಿಯನ್ನು ಪೋಷಕಳನ್ನಾಗಿಟ್ಟುಕೊಂಡು ಎಳೆಯರ ಠೇವಣಿಯ ಖಾತೆಗಳನ್ನು ತೆರೆಯಬಹುದೆಂದು ರಿಸರ್ವ್ ಬ್ಯಾಂಕು ೧೯೭೬ರಲ್ಲಿ ಅನುಮತಿಯನ್ನು ಕೊಟ್ಟಿತು. ೨೦೧೪ನೆಯ ಮೇ ತಿಂಗಳಲ್ಲಿ, ಹತ್ತು ವರ್ಷಕ್ಕೆ ಮೇಲ್ಪಟ್ಟವರು ಇಷ್ಟಪಟ್ಟರೆ ಉಳಿತಾಯದ ಖಾತೆಯನ್ನು ತಾವೇ ಸ್ವತಂತ್ರವಾಗಿ ತೆರೆದು ನಡೆಯಿಸಬಹುದೆಂಬ ಸುತ್ತೋಲೆಯು ಹೊರಟಿತು. ಅದೇ ವರ್ಷದ ಆಗಸ್ಟ್ ೨೮ರಂದು ಆರಂಭವಾದ ಜನಧನ ಯೋಜನೆಯಲ್ಲಿಯೂ ಹತ್ತು ವರ್ಷವೇ ಎಲ್ಲೆ. ೨೦೨೫ನೆಯ ಏಪ್ರಿಲ್ ೨೧ರಂದು ರಿಸರ್ವ್ ಬ್ಯಾಂಕು ಈ ವಿಷಯದ ಹಳೆಯ ಸೂಚನೆಗಳನ್ನೆಲ್ಲ ಕ್ರೋಡೀಕರಿಸಿ, ಬ್ಯಾಂಕುಗಳು ಜುಲೈ ೧ರೊಳಗಾಗಿ ತಮ್ಮ ಕ್ರಮಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಯಾವ ವಯಸ್ಸಿನ ಮಗುವಿಗಾದರೂ ಸಹಜ ಪೋಷಕರ ಅಥವಾ ನ್ಯಾಯಸಮ್ಮತ ಪೋಷಕರ ಮೂಲಕ ಖಾತೆಯನ್ನು ತೆರೆಯಬಹುದು, ತಾಯಿಯೂ ಪೋಷಕಳಾಗಬಹುದು ಎಂಬುದು ಅದರ ಒಂದು ಭಾಗ. ಹತ್ತಕ್ಕೆ ಕಡಿಮೆಯಲ್ಲದಂತೆ ಬ್ಯಾಂಕು ಗೊತ್ತುಪಡಿಸಿದ ವಯಸ್ಸಿನ ಮೇಲ್ಪಟ್ಟವರು, ಬ್ಯಾಂಕು ಗೊತ್ತುಪಡಿಸಿದ ಮೊತ್ತದವರೆಗೆ, ತಾವೇ ಉಳಿತಾಯದ ಮತ್ತು ಅವಧಿ ಠೇವಣಿಯ ಖಾತೆಗಳನ್ನು ನಡೆಯಿಸಬಹುದು ಎಂಬುದು ಇನ್ನೊಂದು ಭಾಗ.

ಈ ಎರಡನೆಯ ಭಾಗವನ್ನು ಸೂಕ್ಷ್ಮವಾಗಿ ಓದಬೇಕು. ಮೀಮಾಂಸಕರು ವಿಧಿಗೂ ಅನುಜ್ಞೆಗೂ ಮಾಡುವ ಭೇದವು ಇಲ್ಲಿ ಪ್ರಕೃತಕ್ಕೆ ಬರುತ್ತದೆ. ತೆರೆಯಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿಲ್ಲ, ತೆರೆಯಗೊಡಬಹುದೆಂದು ಅನುಜ್ಞೆಯನ್ನಿತ್ತಿದೆ. ಒಂದು ಬ್ಯಾಂಕು ಹತ್ತನ್ನೇ ಎಲ್ಲೆಯಾಗಿಟ್ಟುಕೊಂಡು ಮತ್ತೊಂದು ಹದಿನಾಲ್ಕನ್ನು ಇಟ್ಟುಕೊಂಡರೆ ಎರಡೂ ನಿಯಮದೊಳಗೇ ಇವೆ. ಎ.ಟಿ.ಎಂ. ಕಾರ್ಡು, ಚೆಕ್ಕಿನ ಪುಸ್ತಕ, ಇಂಟರ್‌ನೆಟ್ಟಿನ ಮೂಲಕ ವ್ಯವಹಾರ, ಇವುಗಳನ್ನು ಕೊಡುವುದೂ ಬಿಡುವುದೂ ಆಯಾ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು. ಆದುದರಿಂದ ‘ಹತ್ತು ವರ್ಷವಾದವನಿಗೆ ಖಾತೆಯು ಹಕ್ಕು’ ಎಂದು ಕೆಲವರು ಪ್ರಚಾರಮಾಡುವುದು ಅತ್ಯುಕ್ತಿ. ‘ಹದಿನೆಂಟರ ಒಳಗಿನವನಿಗೆ ಖಾತೆಯಿಲ್ಲ’ ಎಂದು ಶಾಖೆಯವರು ಹೇಳುವುದು ಅದಕ್ಕಿಂತ ದೊಡ್ಡ ಅತ್ಯುಕ್ತಿ. ನಿರಾಕರಿಸಲ್ಪಟ್ಟ ತರುಣನು ಮೊದಲು ಕೇಳಬೇಕಾದುದು, ಈ ಬ್ಯಾಂಕಿನ ಧೋರಣೆಯಲ್ಲಿ ಗೊತ್ತುಪಡಿಸಿರುವ ವಯಸ್ಸು ಎಷ್ಟು ಎಂಬುದನ್ನು. ಆ ವಯಸ್ಸು ಅವನಿಗೆ ತುಂಬಿದ್ದರೆ ಶಾಖೆಯು ತನ್ನ ಬ್ಯಾಂಕಿನ ನಿಯಮವನ್ನೇ ಮೀರಿದಂತಾಯಿತು. ತುಂಬಿಲ್ಲದಿದ್ದರೆ ಬೇರೆ ಬ್ಯಾಂಕನ್ನೋ ಅಂಚೆಯ ಕಚೇರಿಯನ್ನೋ ಆಶ್ರಯಿಸುವುದು ವಿವಾದಕ್ಕಿಂತ ಸುಲಭ.

ಪೋಷಕರ ಪ್ರಶ್ನೆಯು ಇನ್ನೂ ತೊಡಕಿನದು. ೧೯೫೬ನೆಯ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯಿದೆಯ ೬ನೆಯ ಪ್ರಕರಣವು ಬಾಲಕನಿಗೂ ಅವಿವಾಹಿತ ಬಾಲಕಿಗೂ ಸಹಜ ಪೋಷಕನು ತಂದೆ, ಅವನ ಅನಂತರ ತಾಯಿ ಎಂದು ಹೇಳುತ್ತದೆ. ಈ ‘ಅನಂತರ’ ಎಂಬುದಕ್ಕೆ ತಂದೆಯು ತೀರಿಕೊಂಡ ಅನಂತರ ಎಂದೇ ಬಹುಕಾಲ ಅರ್ಥಮಾಡುತ್ತಿದ್ದರು. ಲೇಖಕಿ ಗೀತಾ ಹರಿಹರನ್ ಅವರು ತಮ್ಮ ಮಗನ ಹೆಸರಿನಲ್ಲಿ ಬಾಂಡುಗಳನ್ನು ಕೊಳ್ಳಲು ೧೯೮೪ರಲ್ಲಿ ರಿಸರ್ವ್ ಬ್ಯಾಂಕಿಗೆ ಅರ್ಜಿಯನ್ನು ಕೊಟ್ಟು, ತಾಯಿಯಾಗಿ ತಾವೇ ಪೋಷಕರೆಂದು ಸಹಿಮಾಡಿದರು. ತಂದೆಯ ಸಹಿಯನ್ನಾಗಲಿ ಅಧಿಕಾರಸ್ಥರಿಂದ ಪೋಷಕತ್ವದ ಪ್ರಮಾಣಪತ್ರವನ್ನಾಗಲಿ ತರಬೇಕೆಂದು ಅರ್ಜಿಯು ಹಿಂದಕ್ಕೆ ಬಂದಿತು. ಠೇವಣಿಯ ಖಾತೆಗೆ ೧೯೭೬ರಲ್ಲಿಯೇ ತಾಯಿಯನ್ನು ಒಪ್ಪಿದ್ದ ಸಂಸ್ಥೆಯೇ ಬಾಂಡಿಗೆ ಒಪ್ಪಲಿಲ್ಲವೆಂಬುದು ವಿಚಿತ್ರ. ಸುಪ್ರೀಂ ಕೋರ್ಟು ೧೯೯೯ನೆಯ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಆ ಪ್ರಕರಣವನ್ನು ರದ್ದುಮಾಡಲಿಲ್ಲ. ‘ಅನಂತರ’ ಎಂಬುದಕ್ಕೆ ‘ಅಭಾವದಲ್ಲಿ’ ಎಂದು ಅರ್ಥವನ್ನು ನಿಶ್ಚಯಿಸಿತು. ತಂದೆಯು ಬದುಕಿದ್ದರೂ ದೂರದಲ್ಲಿದ್ದರೆ, ಮಗುವಿನ ವಿಷಯದಲ್ಲಿ ಉದಾಸೀನನಾಗಿದ್ದರೆ, ಅಥವಾ ಇಬ್ಬರ ಒಪ್ಪಿಗೆಯಿಂದ ತಾಯಿಯೇ ನೋಡಿಕೊಳ್ಳುತ್ತಿದ್ದರೆ, ಅದೂ ಅಭಾವವೇ.

ಈ ವ್ಯಾಖ್ಯಾನವು ಸಂವಿಧಾನದ ಸಮತೆಯ ತತ್ತ್ವದಿಂದ ಹುಟ್ಟಿದ್ದೆಂಬುದು ನಿಜ. ಆದರೂ ನಾರದನನ್ನು ಓದಿದವರಿಗೆ ಒಂದು ಸಾಮ್ಯವು ಹೊಳೆಯದಿರದು. ಸ್ವಾತಂತ್ರ್ಯವನ್ನು ಹೇಳುವ ಪ್ರಕರಣದಲ್ಲಿಯೇ ಅವನು ತಂದೆಗೆ ಪ್ರಾಧಾನ್ಯವನ್ನು ಕೊಟ್ಟು, ಅವನ ಅಭಾವದಲ್ಲಿ ತಾಯಿ, ಅವಳೂ ಇಲ್ಲದಿದ್ದರೆ ಹಿರಿಯ ಅಣ್ಣ, ಎಂದು ಕ್ರಮವನ್ನು ಹೇಳುವಾಗ ಬಳಸಿರುವುದು ಅಭಾವವೆಂಬ ಪದವನ್ನೇ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ದಾಯದ ವಿಷಯದಲ್ಲಿ ಇನ್ನೂ ದೂರ ಹೋಗಿರುವನು. ಪುತ್ರನ ಧನವು ಪಿತೃಗಳಿಬ್ಬರಲ್ಲಿ ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದಾಗ, ಆ ಏಕಶೇಷವನ್ನು ಬಿಡಿಸಿದರೆ ಮಾತೃಶಬ್ದವೇ ಮೊದಲು ಬರುತ್ತದೆ, ತಾಯಿಯ ಸಾಮೀಪ್ಯವೂ ಹೆಚ್ಚಿನದು, ಆದುದರಿಂದ ತಾಯಿಗೇ ಮೊದಲು, ಎಂಬುದು ಅವನ ನಿರ್ಣಯ. ಕನ್ನಡನಾಡಿನ ಆ ಗ್ರಂಥವು ದೇಶದ ಬಹುಭಾಗದಲ್ಲಿ ಪ್ರಮಾಣವಾಗಿದ್ದರೂ ತಾಯಿಯ ಸಹಿಯ ಪ್ರಶ್ನೆಯು ೧೯೯೯ರವರೆಗೆ ತೀರದೆ ಉಳಿಯಿತು.

ತಂದೆತಾಯಿಗಳಿಬ್ಬರೂ ಇಲ್ಲದ ಮಕ್ಕಳ ಪಾಡು ಬೇರೆ. ಅಜ್ಜಿಯ ಮನೆಯಲ್ಲಿಯೋ ಸೋದರಮಾವನ ಮನೆಯಲ್ಲಿಯೋ ಬೆಳೆಯುತ್ತಿರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಅಜ್ಜಿಯು ಸಾಕಿದರೂ ೧೯೫೬ನೆಯ ಕಾಯಿದೆಯಂತೆ ಸಹಜ ಪೋಷಕಳಲ್ಲ. ನಾರದನು ಒಪ್ಪಿದ್ದ ಹಿರಿಯ ಅಣ್ಣನೂ ಅಲ್ಲ. ಸಾಕುತ್ತಿರುವೆನೆಂಬ ಮಾತ್ರದಿಂದ ಮಗುವಿನ ಸ್ವತ್ತಿನಲ್ಲಿ ವ್ಯವಹರಿಸುವ ಅಧಿಕಾರವು ಬರುವುದಿಲ್ಲವೆಂದು ಅದೇ ಕಾಯಿದೆಯ ೧೧ನೆಯ ಪ್ರಕರಣವು ಹೇಳುತ್ತದೆ. ೧೮೯೦ನೆಯ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯ ಪ್ರಕಾರ ಮಗುವು ವಾಸವಾಗಿರುವ ಜಿಲ್ಲೆಯ ನ್ಯಾಯಾಲಯಕ್ಕೆ ಅರ್ಜಿಯನ್ನು ಕೊಟ್ಟು ಪೋಷಕತ್ವವನ್ನು ಪಡೆಯಬೇಕು. ಸಣ್ಣ ಮೊತ್ತದ ವಿದ್ಯಾರ್ಥಿವೇತನಕ್ಕಾಗಿ ವಕೀಲರ ಬಳಿಗೆ ಅಲೆಯುವ ಶಕ್ತಿಯು ಎಷ್ಟು ಅಜ್ಜಿಯರಿಗೆ ಉಂಟು? ಹತ್ತು ವರ್ಷ ಮೀರಿದ ಅನಾಥ ಮಗುವಿಗೆ ಸ್ವತಂತ್ರಖಾತೆಯ ಅನುಜ್ಞೆಯು ನಿಜವಾಗಿ ಒದಗಬೇಕಾದುದು ಇಲ್ಲಿಯೇ. ಅಲ್ಲಿ ಪೋಷಕರ ಸಹಿಯೇ ಬೇಡ. ಅಂಥ ಮಗುವನ್ನು ‘ಪೋಷಕರಿಲ್ಲ’ ಎಂಬ ಕಾರಣದಿಂದಲೇ ಹಿಂದಕ್ಕೆ ಕಳುಹಿಸುವುದು, ಯಾರಿಗಾಗಿ ಅನುಜ್ಞೆಯು ಹುಟ್ಟಿತೋ ಅವರನ್ನೇ ಅದರಿಂದ ಹೊರಗಿಟ್ಟಂತೆ.

ಹದಿನೆಂಟು ತುಂಬಿದವರಿಗೂ ಬಾಗಿಲು ತಾನಾಗಿ ತೆರೆಯುವುದೆಂದಿಲ್ಲ. ಅಲ್ಲಿ ಅಡ್ಡಬರುವುದು ವಯಸ್ಸಲ್ಲ, ಕಾಗದ. ಕನ್ನಡಿಗರ ಹೆಸರಿನ ಕ್ರಮವೇ ಒಂದು ತೊಂದರೆ: ಶಾಲೆಯ ಅಂಕಪಟ್ಟಿಯಲ್ಲಿ ತಂದೆಯ ಮತ್ತು ಊರಿನ ಹೆಸರುಗಳ ಮೊದಲಕ್ಷರಗಳು ಮಾತ್ರ ಇರುತ್ತವೆ, ಆಧಾರಿನಲ್ಲಿ ಅವು ಬಿಡಿಸಿ ಬರೆಯಲ್ಪಟ್ಟಿರುತ್ತವೆ, ಇಲ್ಲವೇ ಬಿಟ್ಟೇಹೋಗಿರುತ್ತವೆ. ಯಂತ್ರವು ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿಯುತ್ತದೆ. ಒಂದು ದಾಖಲೆಯನ್ನು ಮತ್ತೊಂದಕ್ಕೆ ಸರಿಯಾಗಿ ತಿದ್ದಿಸಿಕೊಳ್ಳುವುದಲ್ಲದೆ ಇದಕ್ಕೆ ಹತ್ತಿರದ ದಾರಿಯಿಲ್ಲ. ಖಾತೆಯು ಬೇಕಾಗುವ ಮೊದಲೇ ತಿದ್ದಿಸುವುದು ಲೇಸು. ರಾಯಚೂರಿನಿಂದ ಬೆಂಗಳೂರಿಗೆ ಬಂದು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗೆ ವಿಳಾಸದ ತೊಂದರೆ. ಆಧಾರಿನ ಮೂಲಕ ಗುರುತನ್ನು ಸ್ಥಾಪಿಸಿದಲ್ಲಿ, ಈಗಿರುವ ವಿಳಾಸವು ಬೇರೆಯಾಗಿದ್ದರೆ ತಾನೇ ಘೋಷಣಾಪತ್ರವನ್ನು ಬರೆದುಕೊಟ್ಟರೆ ಸಾಕೆಂಬ ನಿಯಮವು ಅನೇಕರಿಗೆ ತಿಳಿಯದು. ಪ್ಯಾನ್ ಇಲ್ಲದವರೂ ತತ್ಸಂಬಂಧವಾದ ಘೋಷಣೆಯನ್ನು ಕೊಡಬಹುದು. ಹಳೆಯ ಖಾತೆದಾರನೊಬ್ಬನು ಪರಿಚಯದ ಸಹಿಯನ್ನು ಹಾಕಬೇಕೆಂಬ ಹಿಂದಿನ ಪದ್ಧತಿಯನ್ನಂತೂ ರಿಸರ್ವ್ ಬ್ಯಾಂಕು ೨೦೧೨ರಲ್ಲಿಯೇ ಅನಾವಶ್ಯಕವೆಂದು ಸಾರಿದೆ.

ಯಾವ ಅಧಿಕೃತ ದಾಖಲೆಯೂ ಇಲ್ಲದವನಿಗೆ ‘ಸಣ್ಣ ಖಾತೆ’ ಎಂಬ ವ್ಯವಸ್ಥೆಯುಂಟು. ಬ್ಯಾಂಕಿನ ಅಧಿಕಾರಿಯ ಎದುರಿನಲ್ಲಿ ಸಹಿಯನ್ನೋ ಹೆಬ್ಬೆರಳಿನ ಗುರುತನ್ನೋ ಹಾಕಿ ತಾನೇ ದೃಢೀಕರಿಸಿದ ಭಾವಚಿತ್ರವನ್ನು ಕೊಟ್ಟರೆ ಇದನ್ನು ತೆರೆಯಬಹುದು. ಖಾತೆಯಲ್ಲಿ ಯಾವಾಗಲೂ ೫೦,೦೦೦ ರೂಪಾಯಿಗೆ ಮೀರಿದ ಶಿಲ್ಕು ಇರಕೂಡದು, ವರ್ಷದ ಜಮೆಯು ೧,೦೦,೦೦೦ ರೂಪಾಯಿಯನ್ನು ದಾಟಕೂಡದು, ತಿಂಗಳಿಗೆ ೧೦,೦೦೦ ರೂಪಾಯಿಗಿಂತ ಹೆಚ್ಚು ತೆಗೆಯಕೂಡದು ಎಂಬ ಕಟ್ಟುಗಳಿವೆ. ಇದು ಹನ್ನೆರಡು ತಿಂಗಳು ನಡೆಯುತ್ತದೆ. ಅಷ್ಟರಲ್ಲಿ ದಾಖಲೆಗಾಗಿ ಅರ್ಜಿಯನ್ನು ಹಾಕಿರುವುದನ್ನು ತೋರಿಸಿದರೆ ಇನ್ನೂ ಹನ್ನೆರಡು ತಿಂಗಳು. ಸರ್ಕಾರದ ಸಹಾಯಧನಗಳು ಜಮೆಯಾಗುವಾಗ ಶಿಲ್ಕಿನ ಮಿತಿಯನ್ನು ಲೆಕ್ಕಿಸುವುದಿಲ್ಲವೆಂಬ ವಿನಾಯಿತಿಯು ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತವಾದುದು. ಕನಿಷ್ಠ ಶಿಲ್ಕನ್ನು ಇಡಲಾರದವರು ಬೇಸಿಕ್ ಸೇವಿಂಗ್ಸ್ ಖಾತೆಯನ್ನು ಹೆಸರಿಟ್ಟೇ ಕೇಳಬೇಕು. ಅದರಲ್ಲಿ ಕನಿಷ್ಠ ಶಿಲ್ಕಿನ ನಿರ್ಬಂಧವಿಲ್ಲ. ಕೇಳದವರಿಗೆ ಶಾಖೆಯವರು ತಾವಾಗಿ ಹೇಳುವುದು ವಿರಳ.

ಇಷ್ಟಾದರೂ ನಿರಾಕರಿಸಿದರೆ? ಬಾಯಿಮಾತಿನ ನಿರಾಕರಣೆಯು ಗಾಳಿಯ ಮೇಲಿನ ಬರಹದಂತೆ. ಅದರ ಮೇಲೆ ದೂರು ನಿಲ್ಲದು. ಆದುದರಿಂದ ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಕಾರಣವನ್ನೂ ಲಿಖಿತವಾಗಿ ಕೇಳಬೇಕು. ವಿವೇಚನೆಯಿಲ್ಲದೆ ಅರ್ಜಿಯನ್ನು ತಿರಸ್ಕರಿಸಕೂಡದು, ತಿರಸ್ಕಾರದ ಕಾರಣವನ್ನು ಸಂಬಂಧಪಟ್ಟ ಅಧಿಕಾರಿಯು ದಾಖಲೆಮಾಡಬೇಕು ಎಂದು ರಿಸರ್ವ್ ಬ್ಯಾಂಕು ೨೦೨೫ರಲ್ಲ ತನ್ನ ಗ್ರಾಹಕಪರಿಚಯದ ನಿಯಮಗಳಿಗೆ ಸೇರಿಸಿತು. ಗ್ರಾಹಕರನ್ನು ಅಂಗೀಕರಿಸುವ ಧೋರಣೆಯು ಜನಸಾಮಾನ್ಯರಿಗೆ, ವಿಶೇಷವಾಗಿ ಬಡವರಿಗೂ ಹಿಂದುಳಿದವರಿಗೂ, ಬ್ಯಾಂಕಿನ ಸೌಕರ್ಯವನ್ನು ತಪ್ಪಿಸುವಂತೆ ಪರಿಣಮಿಸಕೂಡದೆಂಬುದು ಅದಕ್ಕಿಂತ ಹಿಂದಿನಿಂದಲೂ ಇರುವ ನಿಷೇಧ. ಮೇಲೆ ಹೇಳಿದ ಅನುಜ್ಞೆಯ ಸಡಿಲವು ಈ ನಿಷೇಧಕ್ಕೆ ಇಲ್ಲ.

ಬ್ಯಾಂಕಿಗೆ ಲಿಖಿತ ದೂರನ್ನು ಕೊಟ್ಟು ಮೂವತ್ತು ದಿನಗಳಲ್ಲಿ ಉತ್ತರವು ಬಾರದಿದ್ದರೆ, ಅಥವಾ ಬಂದ ಉತ್ತರವು ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರನ್ನು ಒಯ್ಯಬಹುದು, ಇದಕ್ಕೆ ಶುಲ್ಕವಿಲ್ಲ. ಇಲ್ಲೊಂದು ಎಚ್ಚರಿಕೆಯು ಅವಶ್ಯ. ೨೦೦೬ನೆಯ ಓಂಬುಡ್ಸ್‌ಮನ್ ಯೋಜನೆಯಲ್ಲಿ, ಯುಕ್ತವಾದ ಕಾರಣವಿಲ್ಲದೆ ಠೇವಣಿಯ ಖಾತೆಯನ್ನು ನಿರಾಕರಿಸುವುದು ದೂರಿಗೆ ಆಸ್ಪದವೆಂದು ಪ್ರತ್ಯೇಕವಾಗಿಯೇ ಹೇಳಿದ್ದಿತು. ೨೦೨೧ನೆಯ ನವಂಬರಿನಲ್ಲಿ ಬಂದ ಏಕೀಕೃತ ಯೋಜನೆಯು ಆ ಪಟ್ಟಿಯನ್ನು ತೆಗೆದು ‘ಸೇವೆಯಲ್ಲಿ ನ್ಯೂನತೆ’ ಎಂಬ ಒಂದೇ ವ್ಯಾಪಕಪದವನ್ನಿಟ್ಟಿತು. ಜೊತೆಗೆ, ಬ್ಯಾಂಕಿನ ವಾಣಿಜ್ಯವಿಷಯಕವಾದ ನಿರ್ಣಯಗಳನ್ನು ಪ್ರಶ್ನಿಸಲಾಗದೆಂದೂ ಹೇಳಿತು. ವ್ಯಾಪಕವಾದುದರಿಂದ ಲಾಭವೂ ಉಂಟು, ಹಾನಿಯೂ ಉಂಟು. ‘ನನಗೆ ಖಾತೆ ಕೊಡಲಿಲ್ಲ’ ಎಂದಷ್ಟೇ ಬರೆದ ದೂರಿಗೆ ‘ಇದು ವಾಣಿಜ್ಯನಿರ್ಣಯ’ ಎಂಬ ಉತ್ತರವು ಬರಬಹುದು. ಯಾವ ನಿಯಮವನ್ನು ಶಾಖೆಯು ಮೀರಿತು, ಯಾವ ದಿನ ಯಾವ ಕಾಗದಗಳನ್ನು ಕೊಡಲಾಯಿತು, ಏನೆಂದು ಹೇಳಿದರು ಎಂಬುದನ್ನು ಬಿಡಿಸಿ ಬರೆದ ದೂರು ಆ ಉತ್ತರಕ್ಕೆ ಅವಕಾಶವನ್ನು ಕೊಡದು.

ಇನ್ನು ಖಾತೆಯಿದ್ದೂ ಇಲ್ಲದಂತಾಗುವ ಒಂದು ಸಂಧಿಕಾಲವುಂಟು. ಪೋಷಕರು ನಡೆಯಿಸುತ್ತಿದ್ದ ಖಾತೆಯಲ್ಲಿ, ಹದಿನೆಂಟು ತುಂಬಿದ ದಿನಕ್ಕೆ ಪೋಷಕರ ಅಧಿಕಾರವು ಮುಗಿಯುತ್ತದೆ. ಹೊಸ ಸಹಿಯ ಮಾದರಿಯನ್ನೂ ಖಾತೆಯನ್ನು ನಡೆಯಿಸುವ ಹೊಸ ಸೂಚನೆಯನ್ನೂ ಬ್ಯಾಂಕು ಪಡೆಯಬೇಕು, ಅಲ್ಲಿರುವ ಶಿಲ್ಕನ್ನು ಒಪ್ಪಿಸಿಕೊಳ್ಳಬೇಕು. ಇದನ್ನು ಮೊದಲೇ ತಿಳಿಸಿ ಅಣಿಮಾಡಿಕೊಳ್ಳಬೇಕೆಂದು ೨೦೨೫ನೆಯ ಸೂಚನೆಯು ಬ್ಯಾಂಕುಗಳಿಗೆ ಹೇಳಿದೆ. ಕಾಲೇಜಿನ ಮೊದಲನೆಯ ವರ್ಷದ ಶುಲ್ಕವನ್ನು ಕಟ್ಟುವ ಕಾಲವೂ ಹದಿನೆಂಟು ತುಂಬುವ ಕಾಲವೂ ಬಹುಮಂದಿಗೆ ಒಂದೇ ಆಗಿರುವುದರಿಂದ, ಜನ್ಮದಿನಕ್ಕೆ ಒಂದೆರಡು ತಿಂಗಳು ಮುಂಚೆಯೇ ಆಧಾರು, ಎರಡು ಭಾವಚಿತ್ರಗಳು, ಹಳೆಯ ಪಾಸ್‌ಪುಸ್ತಕ, ಇವುಗಳೊಡನೆ ಶಾಖೆಗೆ ಹೋಗಿ ಏನೇನು ಬೇಕೆಂಬುದನ್ನು ಕೇಳಿಬರುವುದು ಯುಕ್ತ.